ಮಾಳವ್ವನ ವಯಸ್ಸು

ನನ್ನ ಕೈಲಿದ್ದ ಫೈಲಿನ ಪ್ರಕಾರ ಮಾಳವ್ವನಿಗೆ ಈಗ ಹದಿಮೂರು. ಬಾಗಿಲಿಗೆ ಬಂದು ನಿಂತವಳಿಗೆ ಮುಂದಿನ ಎರಡು ಹಾಲುಹಲ್ಲು ಆಗಷ್ಟೇ ಬಿದ್ದಿದ್ದವು. "ಇಕೀನರಿ ಮಾಳವ್ವ, ಆವಾಗ ಬರ್ಕೊಂಡು ಹೋಗಿದ್ರಲ್ಲ" ಎಂದು ತಾಯಿ ಹುಲಿಗೆವ್ವ ಅವಳನ್ನು ನನ್ನೆದುರು ಕೂರಿಸಿದಳು. ಬರೆದುಕೊಂಡವಳು ನಾನಲ್ಲ. ಏಳು ವರ್ಷದ ಹಿಂದೆ ಬರೆದವರು ಕೆಲಸ ಬಿಟ್ಟು ಹೋಗಿದ್ದರು.

ಮನುಷ್ಯ ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ಬೆಳೆಯುತ್ತಾನೆ ಎಂಬ ಅಧ್ಯಯನದ ಕೆಲಸ ಹಿಡಿದು ನಾನು ಮೈಸೂರಿನಿಂದ ಹೂವಿನಹಡಗಲಿಗೆ ಬಂದು ಹತ್ತು ತಿಂಗಳಾಯಿತು. ಮೆಕ್ಯಾನಿಕ್ ಸಾಹೇಬರೊಬ್ಬರ ಮನೆಯ ಮೇಲೆ ಬಾಡಿಗೆ ಕೋಣೆ. ಮೈಸೂರಿನಲ್ಲಿ ಬೆಳಿಗ್ಗೆ ಇಡ್ಲಿ. ಇಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲ ವಾರ ಹೊಟ್ಟೆ ಕೆಟ್ಟು ಮಲಗಿದೆ. ಅಲ್ಲಿ ಮಲ್ಲಿಗೆಯನ್ನು ಮೊಳ ಹಾಕಿಸಿಕೊಂಡು ಕೊಳ್ಳುತ್ತಿದ್ದವಳು, ಇಲ್ಲಿ ಬಸ್ಸಿನಲ್ಲಿ ಮೂಟೆಗಟ್ಟಲೆ ಹೂವಿನ ಪಕ್ಕ ಕೂತು ತಲೆನೋವು ತಂದುಕೊಂಡೆ. ಮಾತಿಗೆ ಜನವಿಲ್ಲದೆ ಅತ್ತಿದ್ದೂ ಉಂಟು. ಈರುಳ್ಳಿಗೆ ಇಲ್ಲಿ ಉಳ್ಳಾಗಡ್ಡಿ. "ಅರ್ಧ ಕೆಜಿ ಉಳ್ಳಾಗಡ್ಡಿ ಕೊಡ್ರಿ" ಎಂದು ಬಾಯಿಂದ ತಾನಾಗಿ ಬಂದ ದಿನ ಮಾತ್ರ ಬೀಗುತ್ತಾ ಮನೆಗೆ ಬಂದೆ.

ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಸಲ ನೋಡಿ ಹೋಲಿಸುವುದು ನಮ್ಮ ವಿದ್ಯೆಯಲ್ಲಿ ಒಂದು ವಿಧಾನ. ಒಂದೇ ಮಗುವಿನ ಬೆನ್ನು ಹತ್ತಿ ವರ್ಷಗಟ್ಟಲೆ ನೋಡುವುದು ಇನ್ನೊಂದು, ನಮ್ಮದು ಅದು. ಬೆಳವಣಿಗೆ ಮೆಟ್ಟಿಲು ಹತ್ತಿದಂತೆ ಎನ್ನುವವರಿದ್ದಾರೆ, ಗಿಡದ ಹಾಗೆ ಕಣ್ಣಿಗೆ ಕಾಣದೆ ಸಾಗುತ್ತದೆ ಎನ್ನುವವರೂ ಇದ್ದಾರೆ. ಹಿಂದಕ್ಕೆ ಬೆಳೆದ ಮಗುವಿನ ಬಗ್ಗೆ ಯಾರೂ ಪಾಠ ಮಾಡಿರಲಿಲ್ಲ.

"ಇವಳಿಗೆ ಆರೇ ವರ್ಷ ಅಲ್ವೇನಮ್ಮ?" ಎಂದೆ.

"ಹೌದ್ರಿ. ಮೊದಲಿನಾಕಿ ನೀವು ಬಂದು ಹೋದ ವರ್ಷನ ಜ್ವರದಾಗ ಹೋದ್ಲು. ಮರುವರ್ಷ ಇಕಿ ಹುಟ್ಟಿದ್ಲು. ಹೋದಾಕಿನ ತಿರುಗಿ ಬಂದಾಳ ಅಂತ ಅದ ಹೆಸರಿಟ್ವಿ. ನಮ್ಮ ಮನ್ಯಾಗ ಹಂಗ ಐತ್ರಿ."

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಮೈಲಾರದ ದಾರಿಯಲ್ಲಿ ಬಿಸಿಲಲ್ಲಿ ಇಷ್ಟು ದೂರ ನಡೆದು ಬಂದದ್ದು ದಂಡವಾಯಿತಲ್ಲ ಎಂದು. ಆದರೂ ಬಂದದ್ದಕ್ಕೆ ಒಂದು ಪರೀಕ್ಷೆ ಮಾಡೋಣವೆಂದು ಅಗಲ ಬಟ್ಟಲಿನ ನೀರನ್ನು ಉದ್ದನೆಯ ಗ್ಲಾಸಿಗೆ ಸುರಿದೆ. ಈಗ ನೀರು ಜಾಸ್ತಿಯಾಯಿತೇ ಎಂದು ಕೇಳಿದರೆ ಚಿಕ್ಕ ಮಕ್ಕಳು ಹೌದೆನ್ನುತ್ತಾರೆ. ಮಗು ಗ್ಲಾಸನ್ನು ನೋಡಿ ಹೇಳಿತು: "ಅಷ್ಟ ಐತ್ರಿ. ಕುಂದ್ರಾಕ ಜಾಗ ಇಲ್ಲಂತ ನೀರು ಎದ್ದು ನಿಂತೈತಿ."

ಬರೆದುಕೊಳ್ಳಲು ಫೈಲು ತಿರುವಿದೆ. ಏಳು ವರ್ಷದ ಹಿಂದಿನ ಹಾಳೆಯಲ್ಲಿ, ಇನ್ನೊಬ್ಬರ ಕೈಬರಹದಲ್ಲಿ, ಅದೇ ಪ್ರಶ್ನೆಯ ಕೆಳಗೆ ಅದೇ ಮಾತು ಇತ್ತು. ಒಂದಕ್ಷರ ಆಚೀಚೆ ಇಲ್ಲ. ಬೆರಳಿಟ್ಟು ಎರಡು ಸಲ ಓದಿ ತಾಯಿಯತ್ತ ತಿರುಗಿದೆ.

"ನೀವು ಹೇಳಿಕೊಟ್ರಾ?"

"ನಾ ಎಲ್ಲಿ ಹೇಳ್ಕೊಡ್ಲಿ? ಅವತ್ತು ನಾ ಹೊಲಕ್ಕ ಹೋಗಿದ್ದೆ. ಆಕಿ ಏನಂದ್ಲೋ ನನಗ ಹೆಂಗ ಗೊತ್ತಾಕ್ಕೈತಿ?"

ಮಗು ಅಧ್ಯಯನದಿಂದ ಬಿಟ್ಟುಹೋದರೆ ಫೈಲಿನಲ್ಲಿ ಕಾರಣಕ್ಕೆ ಗುರುತು ಹಾಕಬೇಕು: ತೀರಿಕೊಂಡರು, ಊರು ಬಿಟ್ಟರು, ಸಿಗಲಿಲ್ಲ. ನಾನು ಪೆನ್ನು ತೆಗೆದಾಗ ಹುಲಿಗೆವ್ವ ಏನು ಬರೆಯುತ್ತೀರೆಂದು ಕೇಳಿದಳು. ಹೆಸರು ಹೊಡೆದು ಹಾಕಬೇಕು ಎಂದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಸಾಲಿ ಹಾಜರಿಯಾಗ ಹೆಸರು ಹೊಡದ್ರು, ರೇಷನ್ ಕಾರ್ಡಿನ್ಯಾಗ ಹೊಡದ್ರು. ನಿಮ್ಮ ಪುಸ್ತಕದಾಗ ಒಂದ ಉಳದಾಳ. ಹೊಡದ ಹಾಕಬ್ಯಾಡ್ರಿ ಅಕ್ಕಾರ, ಇರ್ಲಿ."

ಮಗು ನನ್ನನ್ನೇ ನೋಡುತ್ತಿತ್ತು. ಅದಕ್ಕೊಂದು ಹೊಸ ಹಾಳೆ ತೆರೆದೆ. ಹಳೆಯದರಲ್ಲಿ ಹೆಸರು ಹೊಡೆಯದೆ 'ಊರು ಬಿಟ್ಟರು' ಎಂಬುದಕ್ಕೆ ಗುರುತು ಹಾಕಿದೆ. ಸುಳ್ಳು ದಾಖಲೆ ಬರೆದದ್ದು ನನ್ನ ಕೆಲಸದಲ್ಲಿ ಅದೇ ಮೊದಲು, ನಾಚಿಕೆ ಇನ್ನೂ ಇದೆ.

ಮೊನ್ನೆ ಮಧ್ಯಾಹ್ನ ಮೈಸೂರಿನಿಂದ ಅಣ್ಣ ಫೋನ್ ಮಾಡಿದ. "ವೋಟರ್ ಲಿಸ್ಟ್‌ನೋರು ಬಂದಿದಾರೆ ಕಣೇ. ಹೇಗೂ ನೀನು ಅಲ್ಲೇ ಇರ್ತೀಯಲ್ಲ, ನಿನ್ನ ಹೆಸರು ತೆಗೆಸ್ಬಿಡ್ಲಾ?"

ಅವನು ಕೇಳಿದ್ದು ಸರಿಯೇ. ಉತ್ತರಿಸಲು ಬಾಯಿ ತೆರೆದೆ. "ಹೊಡದ ಹಾಕಬ್ಯಾಡ, ಇರ್ಲಿ" ಎಂಬ ಮಾತು ನನ್ನ ಗಂಟಲಿಂದಲೇ ಬಂತು, ದನಿ ನನ್ನದಾಗಿರಲಿಲ್ಲ.

ಅಣ್ಣ ಕೇಳಿದ: "ಹಲೋ, ಯಾರು ಮಾತಾಡ್ತಿರೋದು?"