ಅಳಿವೆಯ ಕೆಸರು

ಖಾನಾಪುರದ ಹತ್ತಿರದ ಬೀಡಿ ಎಂಬ ಊರಿನ ನೇಮಿನಾಥರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ, ಸೋಸದ ನೀರನ್ನು ಯಾರೂ ಕುಡಿಯುವುದಿಲ್ಲ. ಆ ಜೈನರ ಮನೆಯ ಹಿರಿಯ ಮಗಳು ಸುಹಾಸಿನಿ ಕಡಲಿನ ಹುಳುಗಳನ್ನು ಕೊಲ್ಲುವ ಕೆಲಸಕ್ಕೆ ಸೇರಿದಳು. ಕೆಲಸ ಅಂಥದ್ದೆಂದು ಸೇರುವ ದಿನ ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ ಮೇಲೆ ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಪಿಎಚ್.ಡಿ.ಗೆ ಜಾಗ ಸಿಕ್ಕಿತು. ಬ್ರಿಟಿಷರ ಕಾಲದ ಬಂಗಲೆ. ಮುಂದಿನ ಕೋಣೆಯಲ್ಲಿ ಶಾಸನ ಓದುವವರು, ನಡುಮನೆಯಲ್ಲಿ ಕಬ್ಬಿನ ರೋಗ ನೋಡುವವರು, ಹಿಂದೆ ಅಡುಗೆಮನೆಯಾಗಿದ್ದ ಕಡೆ ಕಡಲಿನ ವಿಭಾಗ. ಘಟ್ಟದ ಮೇಲಿನ ಊರಿನಲ್ಲಿ ಕಡಲಿನ ಅಭ್ಯಾಸವೇಕೆ ಎಂದು ಬಂದವರೆಲ್ಲ ನಗುತ್ತಿದ್ದರು. ವಿಭಾಗದ ಮುಖ್ಯಸ್ಥೆ ಡಾ. ಪ್ರಮಿಳಾ, "ಖಾನಾಪುರದ ಕಾಡಾಗ ಬಿದ್ದ ಮಳಿ ಕಡೀಕ ಎಲ್ಲಿ ಹೋಗಿ ಸೇರತೈತಿ, ಹೇಳ್ರಿ ನೋಡೂಣು" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಬುದ್ಧಿವಂತೆ. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರು ಅವರ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು.

ಸುಹಾಸಿನಿಗೆ ಕೊಟ್ಟ ವಿಷಯ ಕಾರವಾರದ ಹತ್ತಿರದ ಒಂದು ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ಕೆಲವು ತಿಂಗಳಲ್ಲಿ ಅಲ್ಲಿ ದೊಡ್ಡ ಯಂತ್ರ ತಂದು ಹೂಳೆತ್ತಲಿದ್ದರು. ತಳದ ಕೆಸರಿನಲ್ಲಿ ಬದುಕುವ ಹುಳು, ಸಿಂಪಿ, ಸಣ್ಣ ಏಡಿಗಳು ಹೂಳೆತ್ತುವ ಮುಂಚೆ ಎಷ್ಟಿದ್ದವು, ಆಮೇಲೆ ಎಷ್ಟು ಉಳಿದವು ಎಂದು ಅವಳು ಎಣಿಸಬೇಕಿತ್ತು. ಮನೆಯಲ್ಲಿ ಅವಳು "ಸಮುದ್ರದ ಮಣ್ಣ ಪರೀಕ್ಷಾ ಮಾಡೂದು" ಎಂದಷ್ಟೇ ಹೇಳಿದಳು.

ಮೊದಲ ಸಲ ದೋಣಿಯಲ್ಲಿ ಹೋದಾಗ ಕಬ್ಬಿಣದ ಬುಟ್ಟಿ ತಳದಿಂದ ಕೆಸರು ಕಚ್ಚಿಕೊಂಡು ಮೇಲೆ ಬಂತು. ಜರಡಿಗೆ ಸುರಿದು ನೀರು ಹೊಯ್ದರೆ ಕೆಸರು ಕರಗಿ ಹೋಗಿ ಜೀವಗಳಷ್ಟೇ ಉಳಿದವು. ಕೆಂಪು ದಾರದಂಥ ಹುಳುಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು. ಅವನ್ನು ಬಾಟಲಿಗೆ ತುಂಬಿ, ಕೊಂದು ಕೊಳೆಯದಂತೆ ಇಡುವ ಫಾರ್ಮಾಲಿನ್ ಸುರಿಯಬೇಕು. ಆ ಕೆಲಸ ಯಾವಾಗಲೂ ಕೇಂದ್ರದ ಸಹಾಯಕ ಯಲ್ಲೇಶನದು. ಅವತ್ತು ಅವನು ಡಬ್ಬಿ ಎತ್ತಿಕೊಂಡಾಗ ಪ್ರಮಿಳಾ ತಡೆದರು.

"ನೀ ಬಿಡು. ಸುಹಾಸಿನಿ ಹಾಕಲಿ."

"ಮ್ಯಾಡಮ್, ಇವತ್ತೊಂದ ದಿನ..." ಎಂದಳು ಸುಹಾಸಿನಿ.

"ಜೈನರ ಹುಡುಗಿ ಅಂತ ನನಗ ಗೊತ್ತೈತಿ. ಅದಕ್ಕs ಹೇಳಾಕತ್ತೀನಿ. ಆ ಅಂಜಿಕಿ ಇಲ್ಲೇ ನಿಲ್ಲಲಿ. ಇಲ್ಲಾಂದ್ರ ಈಗs ಬಸ್ ಹತ್ತರಿ."

ಸುಹಾಸಿನಿ ಸುರಿದಳು. ಹುಳುಗಳು ಒಮ್ಮೆಲೆ ಬಿಗಿದುಕೊಂಡವು, ಆಮೇಲೆ ಸಡಿಲಾದವು. ದೋಣಿಯ ಅಂಚಿಗೆ ಬಾಗಿ ಅವಳು ವಾಂತಿ ಮಾಡಿಕೊಂಡಾಗ ಪ್ರಮಿಳಾ ಮೊಬೈಲಿನಲ್ಲಿ ಚಿತ್ರ ತೆಗೆದರು. ಕೇಂದ್ರಕ್ಕೆ ಅತಿಥಿಗಳು ಬಂದಾಗಲೆಲ್ಲ ಅದನ್ನು ತೋರಿಸಿ, "ನಮ್ಮ ಅಹಿಂಸಾವಾದಿ" ಎಂದು ಪರಿಚಯಿಸುತ್ತಿದ್ದರು. ಅತಿಥಿಗಳು ನಕ್ಕರೆ ಸುಹಾಸಿನಿಯೂ ನಗಬೇಕಿತ್ತು.

ಬಾಟಲಿಗಳಿಗೆ ಒಂದು ಗುಲಾಬಿ ಬಣ್ಣ ಬೆರೆಸುತ್ತಾರೆ. ಹಿಡಿದಾಗ ಜೀವಂತವಿದ್ದದ್ದಕ್ಕೆ ಆ ಬಣ್ಣ ಹತ್ತುತ್ತದೆ. ಮೊದಲೇ ಸತ್ತ ಖಾಲಿ ಚಿಪ್ಪು ಬೆಳ್ಳಗೇ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅವಳು ಗುಲಾಬಿಯಾದದ್ದನ್ನಷ್ಟೇ ಎಣಿಸುತ್ತ ಹೋದಳು. ತಾನು ಕೊಂದದ್ದು ಯಾವುದು, ಕೊಲ್ಲದೆ ಇದ್ದದ್ದು ಯಾವುದು ಎಂದು ಇಷ್ಟು ಸ್ಪಷ್ಟವಾಗಿ ತಿಳಿಯುವ ಕೆಲಸ ಬೇರೊಂದಿರಲಾರದು ಅನ್ನಿಸುತ್ತಿತ್ತು. ಆದರೂ ಬರಬರುತ್ತ ಅವಳಿಗೆ ಅದರಲ್ಲಿ ಮನಸ್ಸು ನಿಂತಿತು. ಯಾವ ಹುಳು ಮರಳಿನದು, ಯಾವುದು ಜೇಡಿಯದು, ಯಾವುದು ಕೊಳಚೆ ಬಂದ ಕಡೆ ಮಾತ್ರ ಹೆಚ್ಚುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲವಳಾದಳು. ಕನಸಿನಲ್ಲಿಯೂ ಅಳಿವೆ ಬರುತ್ತಿತ್ತು.

ಒಂದು ದಿನ ನೇಮಿನಾಥರು ಬೆಳಗಾವಿ ಕೋಟೆಯ ಬಸದಿಗೆ ಬಂದವರು ಮಗಳನ್ನು ನೋಡಿ ಹೋಗೋಣವೆಂದು ಕ್ಯಾಂಪಿಗೆ ಬಂದರು. ಸುಹಾಸಿನಿ ಗ್ರಂಥಾಲಯದಲ್ಲಿದ್ದಳು. ಪ್ರಮಿಳಾ ಅವರನ್ನು ತುಂಬ ಆದರದಿಂದ ಬರಮಾಡಿಕೊಂಡರು.

"ಬರ್ರಿ, ಕುಂದರ್ರಿ. ನಿಮ್ಮ ಮಗಳ ಕೆಲಸ ನೋಡ್ರಿ." ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇವೆಲ್ಲ ಜೀವಂತ ಇದ್ದೂರಿ. ಒಂದ ಬಿಡದs ಎಲ್ಲಾ ಆಕೀನs ಮುಗಿಸ್ಯಾಳ. ಭಾಳ ಧೈರ್ಯದಾಕಿ."

ಸುಹಾಸಿನಿ ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ತಂದಿದ್ದ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಅವಳ ಮುಖ ನೋಡದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಮುಂದಿನ ಭಾನುವಾರ ಅವಳು ಬೀಡಿಗೆ ಹೋದಾಗ ಅಜ್ಜಿ ಅಕ್ಕಾತಾಯಿ ಬಾವಿಕಟ್ಟೆಯ ಮೇಲೆ ನೀರು ಸೋಸುತ್ತಿದ್ದಳು. ಸೋಸಿದ ಬಟ್ಟೆಯನ್ನು ತಿರುವಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ಸಾಯದಿರಲೆಂದು ಮತ್ತೆ ಬಾವಿಗೇ ತೊಳೆದು ಬಿಡುವುದು ಅವಳ ನಿತ್ಯದ ನೇಮ.

"ನೀನೂ ಸೋಸತಿ ಅಂತಲ್ಲ, ಸಮುದ್ರದಾಗ?" ಅಜ್ಜಿ ಕೇಳಿದಳು.

"ಹೌದಜ್ಜಿ."

"ಸೋಸಿ ತಿರುಗಿ ನೀರಿಗೆ ಬಿಡತಿ?"

ಸುಹಾಸಿನಿ ಬಾವಿಯ ಹಗ್ಗ ಸುತ್ತತೊಡಗಿದಳು.

"ಸುಳ್ಳಾದ್ರೂ ಹೇಳಬಾರದ ಏನs?" ಎಂದಳು ಅಜ್ಜಿ. ಬಯ್ಯಲಿಲ್ಲ, ಅಳಲಿಲ್ಲ. ಅಂದಿನಿಂದ ಸುಹಾಸಿನಿ ಮುಟ್ಟಿದ ಚೊಂಬಿನ ನೀರನ್ನು ಮಾತ್ರ ಅವಳು ಕುಡಿಯಲಿಲ್ಲ. ಸೊಸೆ ಕೊಟ್ಟರೆ ಕುಡಿಯುವಳು, ಪಕ್ಕದ ಮನೆಯವರು ಕೊಟ್ಟರೂ ಕುಡಿಯುವಳು.

ಮಳೆಗಾಲ ಮುಗಿದ ಮೇಲೆ ಅಕ್ಕಾತಾಯಿ ಹಾಸಿಗೆ ಹಿಡಿದಳು. ಸುಹಾಸಿನಿ ರಜೆ ಹಾಕಿ ಬಂದು ತಲೆದಿಂಬಿನ ಬಳಿಯೇ ಕುಳಿತಳು. ಒಂದು ಬೆಳಗ್ಗೆ ಮನೆಯವರೆಲ್ಲ ಹಿತ್ತಲಲ್ಲಿದ್ದಾಗ ಅಜ್ಜಿ ನೀರು ಬೇಕೆಂದು ಸನ್ನೆ ಮಾಡಿದಳು. ಸುಹಾಸಿನಿ ಚಮಚದಲ್ಲಿ ತುಟಿಗೆ ಹಿಡಿದಳು. ಅಜ್ಜಿ ಕಣ್ಣು ತೆರೆದು, ಯಾರ ಕೈ ಎಂದು ನೋಡಿ, ತುಟಿ ಬಿಗಿದಳು. ನೀರು ಗದ್ದದ ಮೇಲಿಂದ ಕುತ್ತಿಗೆಗೆ ಇಳಿಯಿತು.

"ಅವ್ವಾ, ಲಗೂನ ಬಾ!" ಎಂದು ಸುಹಾಸಿನಿ ಕೂಗಿದಳು. ತಾಯಿ ಓಡಿ ಬರುವಷ್ಟರಲ್ಲಿ ಅಜ್ಜಿಗೆ ನೀರಿನ ಅಗತ್ಯ ಮುಗಿದಿತ್ತು.

ಹೆಣಕ್ಕೆ ಸ್ನಾನ ಮಾಡಿಸುವಾಗ ಅತ್ತೆಯೊಬ್ಬಳು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಸರಿಸಿದಳು. "ನೀ ಬ್ಯಾಡವಾ. ಸತ್ತ ಮ್ಯಾಲರೆ ಆಕೀ ಮಾತ ನಡೀಲಿ." ಅಪ್ಪ ಕೇಳಿಸಿಕೊಂಡರು, ಬಾವಿಯಿಂದ ಇನ್ನೊಂದು ಕೊಡ ನೀರು ತರಲು ಹೋದರು.

ಸೂತಕ ಕಳೆದು ಕ್ಯಾಂಪಿಗೆ ಮರಳಿದಾಗ ಬಾಟಲಿಗಳ ಕಪಾಟು ಇರಲಿಲ್ಲ. ಗೋಡೆಗೆ ಹೊಸ ಬಣ್ಣ ಬಳಿದಿತ್ತು, ಸೋಫಾ ಬಂದಿತ್ತು. ಯಲ್ಲೇಶ ಅವಳ ಕಣ್ಣು ತಪ್ಪಿಸಿ, "ಮ್ಯಾಡಮ್ ನನಗ ಹೇಳಿದ್ರು, ನಾ ಚೆಲ್ಲಿದ್ನಿ" ಎಂದ. ಬಂಗಲೆಯ ಹಿಂದಿನ ಗಟಾರದಲ್ಲಿ ಗುಲಾಬಿ ರಾಡಿ ಒಣಗಿ ಹೆಪ್ಪುಗಟ್ಟಿತ್ತು. ಫಾರ್ಮಾಲಿನ್ ವಾಸನೆಗೆ ಇರುವೆಯೂ ಅದರ ಹತ್ತಿರ ಸುಳಿದಿರಲಿಲ್ಲ. ಅವಳು ಎಣಿಸಿ ಮುಗಿಸಿದ್ದು ಅರ್ಧ. ಇನ್ನರ್ಧ ಅಲ್ಲಿತ್ತು.

"ಅತಿಥಿಗಳ ಕೋಣಿ ಬೇಕಾಗಿತ್ತು. ನೀವೂ ಊರಾಗ ಇರಲಿಲ್ಲ," ಎಂದರು ಪ್ರಮಿಳಾ. "ಅಷ್ಟ್ಯಾಕ ಮಾರಿ ಸಣ್ಣ ಮಾಡತೀರಿ? ಮತ್ತ ತರೂಣು. ಸಮುದ್ರ ಎಲ್ಲಿ ಓಡಿ ಹೋಗತೈತಿ?"

ಸಮುದ್ರ ಓಡಿ ಹೋಗಿರಲಿಲ್ಲ. ಆದರೆ ಅಷ್ಟರಲ್ಲಿ ಹೂಳೆತ್ತುವ ಯಂತ್ರ ಅಳಿವೆಗೆ ಇಳಿದಾಗಿತ್ತು. ಈಗ ಬುಟ್ಟಿಯಲ್ಲಿ ಬಂದದ್ದು ಬರೀ ಬೂದು ಜೇಡಿ. ಜರಡಿಯಲ್ಲಿ ಚಿಪ್ಪಿನ ಚೂರುಗಳು ಬಿಟ್ಟರೆ ಏನೂ ಉಳಿಯಲಿಲ್ಲ. 'ಮುಂಚೆ' ಎಂಬುದು ಗಟಾರದಲ್ಲಿ ಹೋಗಿತ್ತು. ಅದನ್ನು ಮತ್ತೆ ತರಲು ಯಾವ ದೋಣಿಯಿಂದಲೂ ಸಾಧ್ಯವಿರಲಿಲ್ಲ.

"ಅರ್ಧದ ಲೆಕ್ಕ ಐತಲ್ಲ," ಎಂದರು ಪ್ರಮಿಳಾ. "ಉಳದ ಅರ್ಧ ಅದರ ಅಂದಾಜಿನ ಮ್ಯಾಲ ತುಂಬರಿ. ಯಾರ ಬಂದು ಎಣಿಸ್ತಾರ?"

"ಆಗೂದಿಲ್ಲರಿ."

"ಯಾಕ?"

"ಕೊಂದದ್ದು ಖರೇ ಐತಿ. ಅದನ್ನ ನಾ ಹೊರತೀನಿ. ಇಲ್ಲದ ಹೆಣ ಎಣಿಸಿ ಬರಿಯೂದು ನನ್ನಿಂದ ಆಗೂದಿಲ್ಲ."

ಪ್ರಮಿಳಾ ನಕ್ಕರು. "ನಿಮ್ಮ ಅಜ್ಜಿ ಕೇಳಿದ್ರ ಭಾಳ ಖುಷಿ ಪಡತಿದ್ರು."

ಸುಹಾಸಿನಿ ಅಂದೇ ಕೇಂದ್ರ ಬಿಟ್ಟಳು. ಮರುವರ್ಷ ಒಂದು ವಿಜ್ಞಾನ ಪತ್ರಿಕೆಯಲ್ಲಿ ಆ ಅಳಿವೆಯ ಬಗ್ಗೆ ಪ್ರಬಂಧ ಅಚ್ಚಾಯಿತು. ಪ್ರಮಿಳಾ ಅವರ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು, ಅವಳು ಎಣಿಸದ ಹುಳುಗಳ ಸಂಖ್ಯೆಯೂ ಇತ್ತು. ಅವಳು ಸಂಪಾದಕರಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದಳು. ಬಹಳ ಕಾಲದ ಮೇಲೆ ಅವರು ಪ್ರಬಂಧ ಹಿಂಪಡೆದರು: ಅಂಕಿ ಅಂಶಗಳು ನಂಬಲರ್ಹವಲ್ಲ ಎಂಬ ಒಂದು ಸಾಲು, ಅದರ ಕೆಳಗೆ ಇಬ್ಬರ ಹೆಸರು. ಪ್ರಮಿಳಾ, ತಪ್ಪೆಲ್ಲ ವಿದ್ಯಾರ್ಥಿನಿಯದೆಂದು ಹೇಳಿ ತಮ್ಮ ಕುರ್ಚಿಯಲ್ಲಿಯೇ ಉಳಿದರು.

ಬೆಳಗಾವಿಯ ಒಂದು ಕಾಲೇಜಿನ ಸಂದರ್ಶನದಲ್ಲಿ ಹಿರಿಯರೊಬ್ಬರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಸುಳ್ಳ ಲೆಕ್ಕದ ಪೇಪರಿನಾಗ ನಿಮ್ಮ ಹೆಸರ ಐತಲ್ರಿ."

"ಅದು ಸುಳ್ಳಂತ ತಿಳಿಸಿದಾಕಿ ನಾನs ರಿ."

"ಹಂಗಾರ ಇನ್ನೂ ಬ್ಯಾಡ ಬಿಡ್ರಿ. ನಾಳೆ ನಮ್ಮ ಮ್ಯಾಲೂ ಬರೀತೀರಿ," ಎಂದು ಅವರು ನಕ್ಕರು. ಉಳಿದವರೂ ನಕ್ಕರು.

ಈಗ ಸುಹಾಸಿನಿ ಖಾನಾಪುರದ ಒಂದು ಟ್ಯೂಷನ್ ಕ್ಲಾಸಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಾಳೆ. ದಿನಾ ಬೀಡಿಯಿಂದ ಬಸ್ಸಿನಲ್ಲಿ ಓಡಾಟ. ಬೇಸಿಗೆಯ ರಜೆಯಲ್ಲಿ ಒಬ್ಬಳೇ ಕಾರವಾರಕ್ಕೆ ಹೋಗುತ್ತಾಳೆ. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಹುಳುಗಳ ಬಿಲಗಳು ತೂತುತೂತಾಗಿ ಕಾಣುತ್ತವೆ. ಯಾವುದನ್ನೂ ಅಗೆಯದೆ, ಮಂಡಿಯೂರಿ, ಬಿಲಗಳನ್ನು ಎಣಿಸಿ ಬರುತ್ತಾಳೆ. ಹಾಗೆ ಎಣಿಸಿದ್ದನ್ನು ಯಾವ ಪತ್ರಿಕೆಯೂ ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತು.

ಕಳೆದ ಸಲ ಹಿಂತಿರುಗಿದಾಗ ಮನೆಯಲ್ಲಿ ಹೊತ್ತು ಮುಳುಗುವ ಮುಂಚಿನ ಊಟ ನಡೆದಿತ್ತು. ಅವಳೂ ತಟ್ಟೆ ಹಾಕಿಕೊಂಡು ಕುಳಿತಳು. ನೇಮಿನಾಥರು ರೊಟ್ಟಿ ಮುರಿಯುತ್ತ, ತಲೆಯೆತ್ತದೆ ಕೇಳಿದರು.

"ಈ ಸಲ ಹೆಂಗ ಅದಾವ?"

ಆ ಕೆಲಸದ ಬಗ್ಗೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ಕಡಿಮಿ ಆಗ್ಯಾವ ಅಪ್ಪಾ," ಎಂದಳು. "ಹೋದ ವರ್ಷಕ್ಕಿಂತಾನೂ ಕಡಿಮಿ."

ಅವರು "ಹೂಂ" ಎಂದು, ಪಲ್ಯದ ಪಾತ್ರೆಯನ್ನು ಅವಳ ಕಡೆ ಸರಿಸಿದರು.