ಟವಲಿನ ಕೆಳಗಿನ ಮೂರು ಬೆರಳು

ಹೋದ ತಿಂಗಳು ಮೊಮ್ಮಗಳ ಜೊತೆ ಮೈಸೂರಿಗೆ ಹೋಗಿದ್ದೆ. ಅವಳ ಗಂಡನ ಸ್ನೇಹಿತರೊಬ್ಬರ ಶೆಡ್ಡಿನಲ್ಲಿ ಬಣ್ಣ ಎದ್ದುಹೋದ ಹಳೇ ಕಾರೊಂದು ನಿಂತಿತ್ತು. ಅದಕ್ಕೆ ಬೆಲೆ ಕಟ್ಟಲು ಯಾರೋ ಬಂದಿದ್ದರು. ನಾನು ಸೆರಗಿನಿಂದ ಅದರ ದೀಪ ಒರೆಸಲು ಹೋದೆ ನೋಡಿ, “ಅಜ್ಜೀ, ಒರೆಸ್ಬೇಡಿ, ಆ ಧೂಳಿಗೂ ಬೆಲೆ ಇದೆ!” ಎಂದು ಕೂಗಿಕೊಂಡರು. ಸರಿ ಎಂದು ಕೈ ಬಿಟ್ಟೆ. ಅವರು ಆ ಕಡೆ ತಿರುಗಿದ್ದೇ ಬಾಗಿಲು ತೆಗೆದು ಒಳಗೆ ಕೂತುಬಿಟ್ಟೆ.

ಮಂಡಿ ಹೋಗಿದೆ, ಕಿವಿ ಅರ್ಧ ಹೋಗಿದೆ, ಮೂಗಿಗೆ ಮಾತ್ರ ವಯಸ್ಸಾಗಿಲ್ಲ. ಒಡೆದ ಚರ್ಮದ ಸೀಟು, ಅದರೊಳಗಿನ ಮುಗ್ಗಿದ ನಾರು, ಒಣಗಿದ ಎಣ್ಣೆ... ಆ ವಾಸನೆ ಬಡಿದ ಕೂಡಲೇ ನನಗೆ ನೆನಪಾದದ್ದು ಕಾರಲ್ಲ, ನಮ್ಮ ಪಕ್ಕದ ಮನೆಯ ದಲ್ಲಾಳಿ ಮಾವ.

ನನ್ನ ತವರು ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿ. ದಲ್ಲಾಳಿ ಮಾವ ದನದ ವ್ಯಾಪಾರ ಕುದುರಿಸುವವರು. ಹಣೆಗೆ ಮೂರು ಬೆರಳಗಲ ವಿಭೂತಿ, ಹೆಗಲ ಮೇಲೆ ದಪ್ಪನೆಯ ಟವಲು. ಸಂತೆಯಲ್ಲಿ ಆ ಟವಲನ್ನು ಕೈಮೇಲೆ ಹೊದಿಸಿ, ಕೆಳಗೆ ಮಾರುವವನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಒಂದು ಬೆರಳಿಗೆ ನೂರು, ಇಡೀ ಕೈಗೆ ಐನೂರು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಬಾಯಲ್ಲಿ ಸುಳ್ಳು ಹೇಳಿದರೆ ಜನ ನಕ್ಕು ಬಿಡುತ್ತಿದ್ದರು. ಬೆರಳಲ್ಲಿ ಸುಳ್ಳು ಹೇಳಿದವನು ಮತ್ತೆ ಆ ಕಸುಬು ಮಾಡುವ ಹಾಗಿರಲಿಲ್ಲ.

ಆಗ ನನಗೆ ಹನ್ನೆರಡೋ ಹದಿಮೂರೋ. ಐವತ್ತರ ದಶಕದ ನಡುವಿನ ಮಾತು. ಅಪ್ಪನ ತಂಗಿ, ನನ್ನ ಅತ್ತೆ, ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡ, ಊರು ಬಿಟ್ಟು ಹೊರಟ ಕೊಡಗಿನ ಬಿಳಿ ದೊರೆಯೊಬ್ಬನಿಂದ ಹಳೇ ಕಾರು ಕೊಂಡಿದ್ದ. ಒಂದು ವರ್ಷ ಓಡಿಸಿರಬೇಕು, ಜ್ವರ ಬಂದು ತೀರಿಕೊಂಡ. ಪಿರಿಯಾಪಟ್ಟಣದ ಕಡೆಯ ಅವನ ಮನೆಯವರು ಜಮೀನು ತಾವಿಟ್ಟುಕೊಂಡು, ‘ಇದೇ ನಿನ್ನ ಪಾಲು’ ಎಂದು ಕಾರನ್ನು ಅತ್ತೆಗೆ ಕೊಟ್ಟರು. ಎರಡು ಎತ್ತು ಕಟ್ಟಿ ಅದನ್ನು ಎಳೆದು ತಂದದ್ದು ಊರೆಲ್ಲ ನೋಡಿತು. ನಮ್ಮ ಕೊಟ್ಟಿಗೆಯ ಪಕ್ಕ ನಿಂತ ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡಲು ಶುರುಮಾಡಿತು.

ಅತ್ತೆ ನಮ್ಮೆಲ್ಲರಿಗೂ ರೊಟ್ಟಿ ತಟ್ಟಿ, ಕೊನೆಗೆ ತಾನು ಉಣ್ಣುತ್ತಿದ್ದಳು. ಒಂದು ತುಂಡು ಸೋಪಿಗೂ ನನ್ನ ಅವ್ವನ ಮುಖ ನೋಡಬೇಕಿತ್ತು. ರಾತ್ರಿ ನನ್ನ ತಲೆ ಸವರುತ್ತಾ ಅವಳು ಹೇಳುತ್ತಿದ್ದದ್ದು ಒಂದೇ ಮಾತು. “ಕಾರಿಗೆ ಐನೂರು ಬಂದ್ರೆ ಸಾಕು ಕಣೇ. ಹುಣಸೂರಲ್ಲಿ ಬಾಡಿಗೆಗೊಂದು ಕೋಣೆ, ಒಂದು ಹೊಲಿಗೆ ಮಿಷನ್ನು. ನನ್ನ ಅನ್ನ ನಾನೇ ಉಣ್ತೀನಿ.”

ಮೈಸೂರಿನ ಗ್ಯಾರೇಜಿನವನೊಬ್ಬ ಸೋಮವಾರ ಕಾರು ನೋಡಲು ಬರುತ್ತಾನೆ ಎಂದು ಸುದ್ದಿ ಬಂತು. ಎಷ್ಟು ಕೇಳಬೇಕು ಎನ್ನುವುದು ಯಾರಿಗೂ ತಿಳಿಯದು. ಅತ್ತೆ ದಲ್ಲಾಳಿ ಮಾವನಿಗೆ ಹೇಳಿ ಕಳಿಸಿದಳು. ಅಪ್ಪ ನಕ್ಕರು. “ಕಾರೇನು ಸೆಗಣಿ ಆಕ್ತದಾ, ಇವ್ನು ಬೆಲೆ ಕಟ್ಟಾಕೆ?”

ಮಾವ ದಡ್ಡರಾಗಿರಲಿಲ್ಲ. ಕಾರು ನೋಡಲು ಬರುವ ಹಿಂದಿನ ದಿನವೇ ಹುಣಸೂರಿಗೆ ನಡೆದು ಹೋಗಿ, ಲಾರಿ ರಿಪೇರಿಯವರ ಹತ್ತಿರ ಇಡೀ ದಿನ ಕೂತು ಕೇಳಿಕೊಂಡು ಬಂದಿದ್ದರು. ಕಾರಿನ ಸುತ್ತ ಮೂರು ಸಲ ಬಂದರು. ಬೆರಳ ಗೆಣ್ಣಿನಿಂದ ತಗಡು ಬಡಿದು ಕಿವಿಗೊಟ್ಟರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ ಬಾನೆಟ್ ಎತ್ತಿದರು. ಮಲಗಿಕೊಂಡು ಹೊಟ್ಟೆಯನ್ನೂ ನೋಡಿದರು. ಅತ್ತೆ ಬಾಗಿಲ ಮರೆಯಿಂದಲೇ, “ತೊಳೆದು ಇಡ್ಲಾ ಅಣ್ಣ?” ಎಂದಳು.

“ಬ್ಯಾಡಿ ತಾಯಿ. ಮಿರಮಿರ ಅನ್ನೋ ಅಂಗೆ ತಿಕ್ಕಿದ ಎತ್ತು ಕಂಡ್ರೆ ಕೊಳ್ಳೋನ್ಗೆ ಅನುಮಾನ. ಇರೋ ಅಂಗೇ ಇರ್ಲಿ.”

ಅಷ್ಟರಲ್ಲಿ ಅರ್ಧ ಬೀದಿ ಅಲ್ಲಿ ಸೇರಿತ್ತು. ಅಪ್ಪ, “ಎಷ್ಟಪ್ಪಾ, ಯೋಳು” ಎಂದು ಕೈ ಚಾಚಿದರು. ಮಾವ ತಲೆ ಆಡಿಸಿದರು. “ಗಾಡಿ ತಂಗ್ಯವ್ವಂದು. ಬೆಲೆ ಅವ್ರ ಕೈಗೇ ಓಗ್ಬೇಕು.” ಆದರೆ ಗಂಡ ಸತ್ತ ಹೆಂಗಸಿನ ಕೈಯನ್ನು ಟವಲಿನ ಕೆಳಗೆ ಹಿಡಿಯುವುದು ಹೇಗೆ? ಮಾವ ನನ್ನನ್ನು ಕರೆದರು. “ಬಾ ಕೂಸು. ನಿನ್ನ ಕೈಗೆ ಕೊಡ್ತೀನಿ, ಅಂಗೇ ತಕ್ಕೊಂಡೋಗಿ ನಿಮ್ಮತ್ತೆ ಕೈಗೆ ಕೊಡು. ಬಾಯಿ ಬುಡ್ಬ್ಯಾಡ.”

ಟವಲಿನ ಕೆಳಗೆ ಅವರ ಒರಟು ಕೈ ನನ್ನ ಮೂರು ಬೆರಳು ಹಿಡಿದು ಒತ್ತಿತು. ಮೂರೇ. ಮತ್ತೆ ಒತ್ತಿತು, ತಪ್ಪಬಾರದೆಂದು.

ಒಳಗೆ ಹೋದೆ. ಅತ್ತೆ ಸೆರಗು ಹೊದಿಸಿಕೊಂಡು ಕೈ ಚಾಚಿ ನಿಂತಿದ್ದಳು. ಅವಳ ಮುಖ ನೋಡಿದೆ... ಇಡೀ ಕೈ ಹಿಡಿದು ಒತ್ತಿಬಿಟ್ಟೆ.

ತುಂಟತನವೋ, ಪ್ರೀತಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ನಕ್ಕಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸೋಮವಾರ ಗ್ಯಾರೇಜಿನವನು ಬಂದ, ನೋಡಿದ, ಮುನ್ನೂರ ಇಪ್ಪತ್ತು ಎಂದ. ಅತ್ತೆ ಬಾಗಿಲ ಮರೆಯಿಂದ, “ಐನೂರಕ್ಕೆ ಕಮ್ಮಿ ಇಲ್ಲ” ಎಂದಳು. ಅವನು ಎರಡು ಸಲ ಕೇಳಿದ. ಅವಳು ಜಗ್ಗಲಿಲ್ಲ. ಅವನು ಹೊರಟುಹೋದ. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಮಳೆಗಾಲ ಕಳೆಯಿತು. ಅಪ್ಪ ಬೀದಿಯಲ್ಲೇ ಮಾವನನ್ನು ತಡೆದು ಕೇಳಿದರು. “ಏನಯ್ಯಾ, ಐದು ಅಂದಿದ್ಯಂತಲ್ಲ? ತಲೆ ಕೆಟ್ಟಿತ್ತಾ ನಿಂಗೆ?”

ಮಾವ ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ಅಂದೆ ಕಣಪ್ಪ. ನಂದೇ ತಪ್ಪು. ದನದ ಕಣ್ಣಲ್ಲಿ ಗಾಡಿ ನೋಡ್ಬುಟ್ಟೆ.”

ಅತ್ತೆ ಜಗಲಿಯಿಂದ, “ಗತಿ ಇಲ್ದೋಳ್ನ ಆಟ ಆಡ್ಸಿದ್ರಲ್ಲ ಅಣ್ಣ” ಎಂದಳು. ಅದೇ ಕೊನೆ, ಮತ್ತೆ ಅವರೊಡನೆ ಮಾತಾಡಲಿಲ್ಲ.

ಮಾರನೆಯ ದಿನ ಹಿತ್ತಲಿನ ಬೇಲಿಯ ಹತ್ತಿರ ಅಳುತ್ತಾ ಹೋಗಿ, “ಮಾವ, ನಾನೇ...” ಎಂದೆ.

“ಗೊತ್ತು ಕಣವ್ವ. ಸುಮ್ಕಿರು. ಆ ಮನೇಲಿ ನಿಮ್ಮತ್ತೆಗೆ ಅಂತ ಇರೋಳು ನೀನೊಬ್ಳೇ. ನೀನೂ ಇಲ್ಲ ಅನ್ನಿಸ್ಬುಟ್ರೆ ಅವಳು ಬಾವಿ ನೋಡ್ಕೊತಾಳೆ. ನನ್ನ ಬೈಕೊಂಡು ಬದುಕ್ಲಿ ಬುಡು.”

ಸಂತೆಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಹುಡುಗಾಟಕ್ಕೆ ‘ಐದ್ಬೆರಳಪ್ಪ ಬಂದ’ ಎನ್ನುತ್ತಿದ್ದರು. ಮೊದಮೊದಲು ಅವರೂ ನಗುತ್ತಿದ್ದರಂತೆ. ಕ್ರಮೇಣ ಅವರ ಟವಲಿನ ಕೆಳಗೆ ಕೈ ಇಡುವವರು ಇಲ್ಲವಾದರು. ಎರಡು ವರ್ಷದಲ್ಲಿ ಮನೆ ಮಾರಿ ಕಂಪಲಾಪುರಕ್ಕೆ, ಮಗಳ ಮನೆಗೆ ಹೋದರು. ಕಾರಿನ ಟೈರು ಎಕ್ಕಡಕ್ಕಾಯಿತು, ಹಿತ್ತಾಳೆ ದೀಪ ತೂಕಕ್ಕೆ ಹೋಯಿತು, ಮಿಕ್ಕದ್ದನ್ನು ಅಪ್ಪ ಗುಜರಿಗೆ ಹಾಕಿದರು. ಅತ್ತೆ ನಮ್ಮ ಒಲೆಯ ಮುಂದೆಯೇ ಮುದುಕಿಯಾದಳು. ಕೊನೆಗಾಲದಲ್ಲಿ ನಾನೇ ಹುಣಸೂರಿನ ನನ್ನ ಮನೆಗೆ ಕರೆತಂದು ನೋಡಿಕೊಂಡೆ. “ನೀನಿಲ್ದಿದ್ರೆ ನಂಗ್ಯಾರಿದ್ರು” ಎನ್ನುತ್ತಿದ್ದಳು. ನಾನು ಗಂಜಿ ಕುಡಿಸುತ್ತಿದ್ದೆ. ಅವಳು ಹೋಗಿ ಇಪ್ಪತ್ತು ವರ್ಷವಾಯಿತು...

ಮೈಸೂರಿನಿಂದ ಬರುವಾಗ, ಹುಣಸೂರು ಬಂದದ್ದೇ ಮೊಮ್ಮಗಳಿಗೆ, “ನನ್ನ ಇಲ್ಲಿಳಿಸ್ಬೇಡ, ಮುಂದಕ್ಕೆ ನಡಿ” ಎಂದೆ. ಕಂಪಲಾಪುರದಲ್ಲಿ ಕೇಳುತ್ತಾ ಹೋದರೆ ಮಾವನ ಮಗಳ ಮಗ ಸಿಕ್ಕಿದ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನೇ ಅರವತ್ತು ದಾಟಿದವನು. ತಾತನ ಬಗ್ಗೆ ಕೇಳಿದೆ.

“ಅವ್ರ ಮಾತೆತ್ತಿದ್ರೆ ನಮ್ಮವ್ವ ತಲೆ ತಗ್ಗುಸ್ತಿದ್ಲು ಅಜ್ಜಿ. ಯಾರೋ ಮುಂಡೇಗೆ ಸುಳ್ಳು ಬೆಲೆ ಯೋಳಿ ಕಸುಬು ಕಳ್ಕೊಂಡ್ರಂತೆ.”

ನಾನು ಎಲ್ಲ ಹೇಳಿದೆ. ಮೂರು ಬೆರಳು, ಐದು ಬೆರಳು, ಬೇಲಿಯ ಹತ್ತಿರದ ಮಾತು, ಒಂದೂ ಬಿಡದೆ. ಅವನು ಗಿರಾಕಿಗೆ ಚೀಟಿ ಬರೆಯುತ್ತಾ ಕೇಳಿಸಿಕೊಂಡ.

“ಬುಡಿ ಅಜ್ಜಿ, ಯಾವ ಕಾಲದ್ದೋ. ಅವ್ವನೂ ಓಗಿ ಮೂರು ವರ್ಷ ಆಯ್ತು. ಕಾಫಿ ತರುಸ್ಲಾ?” ಆಮೇಲೆ ಏನೋ ಹೊಳೆದವನಂತೆ ಮುಖ ಎತ್ತಿದ. “ಅಲ್ಲಾ, ಆ ಕಾರು ಅಂಗೇ ಇದ್ದಿದ್ರೆ ಈಗ ಎಷ್ಟು ಬಾಳೋದು?”

ಗೊತ್ತಿಲ್ಲಪ್ಪ ಎಂದೆ.

ತನ್ನ ಅಪ್ಪ ಸುಳ್ಳುಗಾರ ಎಂದುಕೊಂಡೇ ಮಾವನ ಮಗಳು ಹೋದಳು. ನಾನಿರುವ ಹುಣಸೂರಿನಿಂದ ಕಂಪಲಾಪುರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ.