ಹದಿಮೂರನೇ ಅಧ್ಯಾಯ, ಒಂಬತ್ತನೇ ನಿಮಿಷ

ಅವಳು ಬೀಗ ರಿಪೇರಿಯವನ ಮಗಳು. ಅಪ್ಪ ನಲವತ್ತು ವರ್ಷ ಊರವರ ಬಾಗಿಲುಗಳಿಗೆ ಬೀಗ ಕೂರಿಸಿದ. ಮಗಳು ಹದಿನೇಳು ವರ್ಷದಿಂದ ಕಂಪ್ಯೂಟರುಗಳೊಳಗೆ ಯಾರು ಎಲ್ಲಿಯವರೆಗೆ ಹೋಗಬಹುದೆಂದು ಗೆರೆ ಎಳೆಯುತ್ತಾಳೆ. "ಇಬ್ಬರದೂ ಒಂದೇ ಕಸುಬು, ನಿನ್ನ ಕೈಗೆ ಮಸಿ ಹತ್ತಲ್ಲ ಅಷ್ಟೇ" ಎಂದು ಅಪ್ಪ ಛೇಡಿಸುತ್ತಿದ್ದ.

ಅವಳಿದ್ದದ್ದು ಫೋನಿನಲ್ಲಿ ಪುಸ್ತಕ ಕೇಳಿಸುವ ಸಂಸ್ಥೆಯಲ್ಲಿ. ನಂಬರು ಒತ್ತಿದರೆ, ಹಿಂದೆಂದೋ ಯಾರೋ ಓದಿಟ್ಟ ದನಿ, ನೀವು ನಿನ್ನೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಅಮ್ಮ ಅಲ್ಲಿ ಹನ್ನೊಂದು ವರ್ಷ ಪುಸ್ತಕಗಳನ್ನು ಓದಿ ದನಿ ಕೊಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಅಪ್ಪ ದಿನವೂ ನಾಲ್ಕು ಗಂಟೆಗೆ ಆ ನಂಬರಿಗೆ ಫೋನು ಮಾಡುತ್ತಿದ್ದ. ಪುಸ್ತಕ ಯಾವುದಾದರೂ ಆದೀತು, ದನಿ ಅವಳದಾಗಬೇಕು. ಅವಳು ಓದಿದ ಕೊನೆಯ ಪುಸ್ತಕವನ್ನು ಮಾತ್ರ ಚೂರುಚೂರೇ ಕೇಳುತ್ತಾ ಬಂದಿದ್ದ. ಈಗ ಅರ್ಧ ಗಂಟೆಯಷ್ಟು ಉಳಿದಿತ್ತು.

ಅಂದು ಐದಕ್ಕೆ ಅವನ ಆಪರೇಷನ್. ಒಂದು ಕಿವಿ ಎಂದೋ ಹೋಗಿತ್ತು. ಇನ್ನೊಂದರ ಹಿಂದಿನ ಗಡ್ಡೆ ತೆಗೆದರೆ ಜೀವ ಉಳಿಯುತ್ತದೆ, ಕಿವಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ನಾಲ್ಕಕ್ಕೆ ಕಥೆ ಮುಗಿಸ್ಕೊಂಡೇ ಒಳಗೆ ಹೋಗ್ತೀನಿ" ಎಂದಿದ್ದ ಅಪ್ಪ.

ಆಫೀಸಿನಲ್ಲಿ ಆ ದಿನವೇ ಮುಗಿಯಬೇಕಾದ ಬದಲಾವಣೆಯೊಂದಿತ್ತು. "ಹತ್ತು ನಿಮಿಷದ ಕೆಲಸ, ಮೂರೂವರೆಗೆ ಆಸ್ಪತ್ರೇಲಿರ್ತೀನಿ" ಎಂದು ತಮ್ಮನಿಗೆ ತಿಳಿಸಿ ಕೂತಳು.

ಅವರ ಸೇವೆ ನಡೆಯುವುದು ಕಂಟೇನರುಗಳಲ್ಲಿ. ಕಂಟೇನರ್ ಎಂದರೆ ಒಂದು ಪ್ರೋಗ್ರಾಮು ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಕೂತ ಡಬ್ಬಿ. ಅವನ್ನು ಎಬ್ಬಿಸುವ, ಬಿದ್ದರೆ ಮತ್ತೆ ನಿಲ್ಲಿಸುವ ಮೇಸ್ತ್ರಿಯಂಥ ವ್ಯವಸ್ಥೆ ಬೇರೆ. ಅವಳು ಮೊದಲು ಅಧಿಕಾರದ ಪಟ್ಟಿಯನ್ನು ಶುದ್ಧ ಮಾಡಿದಳು. ಅಧಿಕಾರವಿದ್ದವರ ಹಳೆಯ ಗುಂಪನ್ನು ಅಳಿಸಿ ಹೊಸದನ್ನು ಇಟ್ಟಳು. ಆಮೇಲೆ ಹಳೆಯ ಡಬ್ಬಿ ಇಳಿಸಿ ಹೊಸ ಡಬ್ಬಿ ಏರಿಸುವ ಆಜ್ಞೆ ಸರತಿಯಲ್ಲಿ ತಾನಾಗಿ ಹೊರಟಿತು.

ಹೊಸ ಡಬ್ಬಿ ಏಳಲಿಲ್ಲ. ಹಳೆಯದು ಆಗಲೇ ಇಳಿದಿತ್ತು, ಕೇಳುಗರಿಗೆಲ್ಲ ದನಿ ನಿಂತುಹೋಯಿತು. ದನಿಗಳನ್ನಿಟ್ಟ ಕಪಾಟು ಹಳೆಯ ಡಬ್ಬಿಯ ಯಜಮಾನನ ಹೆಸರಿನಲ್ಲಿತ್ತು. ಸುರಕ್ಷತೆಗೆಂದು ಕಡಿಮೆ ಅಧಿಕಾರದ ಸಾಮಾನ್ಯ ಬಳಕೆದಾರನಾಗಿ ಬಂದ ಹೊಸ ಡಬ್ಬಿಗೆ ಅದು ಬಾಗಿಲು ತೆರೆಯಲಿಲ್ಲ. ಇದು ಹೊಸ ರೋಗವೇನಲ್ಲ. ಹಳೆಯದಕ್ಕೆ ಹಿಂದಿರುಗು ಎಂದು ಆಜ್ಞೆ ಕೊಟ್ಟಳು.

'ನಿಮಗೆ ಅನುಮತಿಯಿಲ್ಲ.'

ಮತ್ತೆ ಕೊಟ್ಟಳು. ಅದೇ ಉತ್ತರ. ಹೊಸ ಗುಂಪನ್ನು ತೆರೆದು ನೋಡಿದಳು. ಎಲ್ಲರ ಹೆಸರೂ ಸರಿಯಾಗಿತ್ತು. ಅವಳದೊಂದು ಇರಲಿಲ್ಲ. ಹೆಸರು ಸೇರಿಸುವ ಅಧಿಕಾರವಿದ್ದದ್ದು, ಅವಳೇ ಈಗಷ್ಟೇ ಅಳಿಸಿದ ಗುಂಪಿಗೆ.

ಪಕ್ಕದ ಮೇಜಿನವಳು ಕೇಳುಗರ ದೂರು ತೆಗೆದುಕೊಳ್ಳುವ ಹೆಂಗಸು. ಬಾಯಿ ಮುಚ್ಚದವಳೆಂದು ಎಲ್ಲರೂ ಗಿಣಿ ಎನ್ನುತ್ತಿದ್ದರು. "ಏನಕ್ಕಾ, ಮುಖ ಹೀಗಾಯ್ತು?"

"ಕೂತ ಕೊಂಬೇನೇ ಕಡ್ಕೊಂಡೆ ಕಣೆ."

"ನನ್ನ ಲಾಗಿನ್ನಲ್ಲಿ ಮಾಡೋಕಾಗುತ್ತಾ ನೋಡು."

"ನಿಮಗೆಲ್ಲ ನೋಡೋಕೆ ಮಾತ್ರ. ನಾನೇ ಕಟ್ಟಿಟ್ಟಿದ್ದು."

ಪೂರ್ತಿ ಅಧಿಕಾರವಿದ್ದ ಇನ್ನೊಬ್ಬಳೆಂದರೆ ಮೇಲ್ವಿಚಾರಕಿ. ಅವಳು ವಿಮಾನದಲ್ಲಿದ್ದಳು, ಇಳಿಯುವುದು ಐದೂ ನಲವತ್ತಕ್ಕೆ.

ಮೇಸ್ತ್ರಿ ವ್ಯವಸ್ಥೆ ಮಾತ್ರ ಛಲ ಬಿಡಲಿಲ್ಲ. ಹತ್ತು ಸೆಕೆಂಡು ಬಿಟ್ಟು ಡಬ್ಬಿಯನ್ನು ನಿಲ್ಲಿಸಿತು, ಬಿತ್ತು. ಇಪ್ಪತ್ತು ಬಿಟ್ಟು, ನಲವತ್ತು ಬಿಟ್ಟು ನಿಲ್ಲಿಸಿತು. ಬೀಳುತ್ತಾ ಬೀಳುತ್ತಾ ನಡುವಿನ ಬಿಡುವು ಐದು ನಿಮಿಷವಾಯಿತು. ಅದು ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ಸಲ ನೋಡಿ ಹೊರಡೋಣ, ಇನ್ನೊಂದೇ ಸಲ, ಎಂದು ಕೂತೇ ಇದ್ದಳು. ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಬ್ಯಾಗು ಹೆಗಲಲ್ಲೇ ಇತ್ತು.

ನಾಲ್ಕೂ ಕಾಲಿಗೆ ಅಪ್ಪನ ಫೋನು.

"ನಿಮ್ಮಮ್ಮ ಫೋನೇ ಎತ್ತುತ್ತಿಲ್ಲವಲ್ಲೇ."

ಅವಳು ಎಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

"ಹೊಸ ಬೀಗ ಹಾಕಿದ ಮೇಲೆ ಬಾಗಿಲು ತೆರೆದಿಟ್ಟೇ ಕೀಲಿ ತಿರುಗಿಸಿ ನೋಡ್ಬೇಕು ಅಂತ ಎಷ್ಟು ಸಲ ಹೇಳಿದೀನಿ?"

"ಹೇಳಿದೀಯಪ್ಪ."

"ಆಯ್ತು ಬಿಡು. ಅವಸರಕ್ಕೆ ನಾನೂ ಒಂದ್ಸಲ ಗಿರಾಕಿ ಮನೆಯೊಳಗೇ ಸಿಕ್ಕಾಕ್ಕೊಂಡಿದ್ದೆ. ಕಿಟಕಿಯಿಂದ ಇಳಿದೆ." ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ಕಿಟಕಿ ಇಲ್ವಾ ನಿನ್ನ ಹತ್ರ?"

"ಒಂದೂ ಇಲ್ಲಪ್ಪ." ದನಿಗಳ ಪ್ರತಿ ಯಾರೂ ಹೊರಗೆ ಒಯ್ಯಬಾರದೆಂಬ ನಿಯಮವನ್ನು ಬರೆದವಳೂ ಅವಳೇ.

ಫೋನಿನ ಆ ಕಡೆಯಿಂದ ಆಸ್ಪತ್ರೆಯ ಟ್ರಾಲಿಯ ಚಕ್ರದ ಸದ್ದು ಕೇಳಿಸಿತು.

"ನಿಮ್ಮಮ್ಮ ಶುರುವಲ್ಲಿ ಏನೋ ಅಂತಿದ್ದಳಲ್ಲ, ಅಷ್ಟಾದ್ರೂ ಹೇಳು."

ಅವಳು ಗಂಟಲು ಸರಿಮಾಡಿಕೊಂಡಳು. "ಎಲ್ಲರೂ ಕೂತಿದೀರಾ? ಹಾಗಾದ್ರೆ ಓದ್ತೀನಿ."

"ಅವಳು ಇಷ್ಟು ಬೇಗ ಹೇಳ್ತಿರಲಿಲ್ಲ" ಎಂದ ಅಪ್ಪ. "ಕೇಳೋರು ಕೂರೋವರೆಗೂ ಕಾಯ್ತಿದ್ದಳು."

ನಿಧಾನವಾಗಿ ಇನ್ನೊಮ್ಮೆ ಹೇಳಲು ಬಾಯಿ ತೆರೆದಾಗ ಆ ಕಡೆಯಿಂದ ಬಂದದ್ದು ತಮ್ಮನ ದನಿ. "ಕರ್ಕೊಂಡು ಹೋದ್ರು ಅಕ್ಕಾ. ಬೇಗನೇ ಬಂದ್ಬಿಟ್ರು."

ಆರಕ್ಕೆ ಐದು ನಿಮಿಷವಿರುವಾಗ ಮೇಲ್ವಿಚಾರಕಿ ವಿಮಾನ ನಿಲ್ದಾಣದಿಂದ ಅವಳ ಹೆಸರನ್ನು ಪಟ್ಟಿಗೆ ಸೇರಿಸಿದಳು. ಒಂದು ಸಾಲು. ಕಪಾಟಿನ ಯಜಮಾನಿಕೆಯನ್ನು ಬದಲಿಸಲು ಇನ್ನೊಂದು. ಡಬ್ಬಿ ಎದ್ದು ನಿಂತಿತು. ಗಿಣಿ ಚಪ್ಪಾಳೆ ತಟ್ಟಿ, ಅವಳ ಮುಖ ಕಂಡು ನಿಲ್ಲಿಸಿದಳು.

ಪರದೆಯ ಮೇಲೆ ಕೇಳುಗರ ಸಾಲು ಒಂದೊಂದಾಗಿ ಮರಳಿತು. ಅಪ್ಪನ ನಂಬರಿನ ಮುಂದೆ ಅವನು ನಿನ್ನೆ ಬಿಟ್ಟ ಜಾಗ ಹಾಗೇ ಇತ್ತು. ಹದಿಮೂರನೇ ಅಧ್ಯಾಯ, ಒಂಬತ್ತನೇ ನಿಮಿಷ. ತಿಂಗಳು ಕಳೆದರೆ ಬಳಸದ ಇಂಥ ಗುರುತುಗಳನ್ನು ವ್ಯವಸ್ಥೆ ತಾನೇ ಅಳಿಸುತ್ತದೆ. ಅದನ್ನು ತಡೆಯುವ ಅಧಿಕಾರ ಈಗ ಅವಳಿಗಿತ್ತು. ಅಪ್ಪನ ಗುರುತು ಅಳಿಯದಂತೆ ತಡೆದು, ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡು ಮೆಟ್ಟಿಲಿಳಿದಳು.